ದರ್ಜೆ ಎಷ್ಟು, ದಮ್ಮು ಎಷ್ಟು: ಬೆಟ್ ಕಟ್ಟುವ ಮುನ್ನ ರೇಸ್ ಪುಸ್ತಕ ಓದುವ ಬಗೆ

ರೇಸ್ ಪುಸ್ತಕ ಕೈಗೆ ಸಿಕ್ಕೊಡನೆ ಹೆಚ್ಚಿನವರ ಕಣ್ಣು ಹೋಗುವುದು ಕುದುರೆಯ ಹೆಸರಿನ ಪಕ್ಕದ ಪುಟ್ಟ ಅಂಕಿಗಳ ಕಡೆಗೆ. 1-2-1 ಎಂದಿದ್ದರೆ ಒಳ್ಳೆಯ ಕುದುರೆ, 6-5-7 ಎಂದಿದ್ದರೆ ಕತ್ತೆ. ಅಷ್ಟಕ್ಕೆ ತೀರ್ಮಾನ ಮುಗಿಸಿ, ಕ್ಲಬ್ಬು ಬೆಟ್ ಕಟ್ಟಿಸಿಕೊಳ್ಳುವ ಟೋಟ್ ಕಿಟಕಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತಾರೆ. ಆ ಅಂಕಿಗಳು ಹೇಳುವುದು ಕುದುರೆ ಎಷ್ಟನೆಯದಾಗಿ ಬಂತು ಎಂಬುದನ್ನಷ್ಟೇ. ಯಾವ ಕುದುರೆಗಳ ಜೊತೆ ಓಡಿತು, ಬೆನ್ನ ಮೇಲೆ ಎಷ್ಟು ಭಾರವಿತ್ತು, ಎಷ್ಟು ದೂರದ ಓಟವದು, ಕೊನೆಯ 400 ಮೀಟರಿನಲ್ಲಿ ಅದರಲ್ಲಿ ಉಸಿರು ಉಳಿದಿತ್ತೇ ಎಂಬ ಯಾವ ಪ್ರಶ್ನೆಗೂ ಅಲ್ಲಿ ಉತ್ತರವಿಲ್ಲ. ಮೇಲಿನ ದರ್ಜೆಯಲ್ಲಿ ಐದನೆಯದಾಗಿ ಬಂದ ಕುದುರೆ, ಕೆಳಗಿನ ದರ್ಜೆಯಲ್ಲಿ ಗೆದ್ದ ಕುದುರೆಗಿಂತ ಎಷ್ಟೋ ಪಾಲು ಮೇಲಿರಬಹುದು.

ಕುದುರೆ ಪಂದ್ಯ ಕೇವಲ ಅದೃಷ್ಟದ ಆಟವಲ್ಲ, ಅದರಲ್ಲಿ ಕೌಶಲದ ಪಾಲೇ ದೊಡ್ಡದು ಎಂದು ಮದ್ರಾಸ್ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಡಾ. ಕೆ. ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಾಗಲಿ, ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಾಗಲಿ ರೇಸ್ ನಡೆಯುತ್ತಿರುವುದು ಆ ತಿಳಿವಳಿಕೆಯ ಮೇಲೆಯೇ. ಕೋರ್ಟು ಹೇಳಿದ ಕೌಶಲ ನಮ್ಮಲ್ಲಿ ಇದೆಯೇ ಎಂಬುದು ಬೇರೆ ಮಾತು. ಗ್ಯಾಲರಿಯಲ್ಲಿ ಕೂತವರಲ್ಲಿ ಅನೇಕರು ಪಕ್ಕದವನ ಟಿಪ್ ನಂಬಿ ಬಂದವರು. ಆ ಪಕ್ಕದವನು ಇನ್ಯಾರದೋ ಟಿಪ್ ನಂಬಿರುತ್ತಾನೆ.

ದರ್ಜೆಯ ಲೆಕ್ಕ

ನಮ್ಮಲ್ಲಿ ಓಡುವ ಕುದುರೆಗಳಿಗೆ ಕ್ಲಬ್ಬಿನ ಹ್ಯಾಂಡಿಕ್ಯಾಪರ್ ರೇಟಿಂಗ್ ಕೊಡುತ್ತಾರೆ. ಗೆದ್ದರೆ ರೇಟಿಂಗ್ ಏರುತ್ತದೆ, ಸೋಲುತ್ತಲೇ ಹೋದರೆ ಇಳಿಯುತ್ತದೆ. ರೇಸ್ ಪುಸ್ತಕದಲ್ಲಿ ‘ರೇಟೆಡ್ 20ರಿಂದ 45’, ‘40ರಿಂದ 65’, ‘60ರಿಂದ 85’ ಎಂದು ಕಾಣುವುದೇ ಆ ಓಟದ ದರ್ಜೆ. ಒಂದೇ ಓಟದಲ್ಲಿ ರೇಟಿಂಗ್ ಹೆಚ್ಚಿದ್ದ ಕುದುರೆಗೆ ಹೆಚ್ಚು ಭಾರ, ಕಡಿಮೆ ಇದ್ದದ್ದಕ್ಕೆ ಕಡಿಮೆ ಭಾರ. ಒಂದು ಅಂಕಕ್ಕೆ ಅರ್ಧ ಕಿಲೋ. ಜಾಕಿ, ಜೀನು, ಸಾಲದಿದ್ದರೆ ಜೀನಿನಡಿ ಇಡುವ ಸೀಸದ ತುಂಡು ಎಲ್ಲ ಸೇರಿ ಆ ಭಾರ ತುಂಬಬೇಕು. ಎಲ್ಲ ಕುದುರೆಗಳೂ ಒಟ್ಟಿಗೇ ಗುರಿ ಮುಟ್ಟಬೇಕು ಎಂಬುದು ಹ್ಯಾಂಡಿಕ್ಯಾಪರನ ಆಸೆ. ಹಾಗಾಗುವುದಿಲ್ಲ ಎಂಬುದರ ಮೇಲೆಯೇ ಬೆಟ್ಟಿಂಗ್ ನಿಂತಿದೆ.

ಎರಡು ಕುದುರೆಗಳನ್ನು ಕಲ್ಪಿಸಿಕೊಳ್ಳಿ. ಒಂದರ ಹೆಸರು ಕೆಂಪಿ, ಇನ್ನೊಂದರದು ಗೌರಿ. ಕೆಂಪಿಯ ರೇಟಿಂಗ್ 34. 20ರಿಂದ 45ರ ಓಟದಲ್ಲಿ 56.5 ಕಿಲೋ ಹೊತ್ತು ಮೂರು ಲೆಂತ್ (ಲೆಂತ್ ಎಂದರೆ ಒಂದು ಕುದುರೆಯ ಉದ್ದ) ಅಂತರದಲ್ಲಿ ಗೆದ್ದಿತು. ಗೌರಿಯ ರೇಟಿಂಗ್ 66. ಅದು 60ರಿಂದ 85ರ ಓಟದಲ್ಲಿ ಐದನೆಯದಾಗಿ ಬಂತು, ಗೆದ್ದದ್ದಕ್ಕಿಂತ ಮೂರು ಲೆಂತ್ ಹಿಂದೆ. ಈಗ ಕೆಂಪಿಯ ರೇಟಿಂಗ್ 42ಕ್ಕೆ ಏರಿದೆ, ಗೌರಿಯದು 62ಕ್ಕೆ ಇಳಿದಿದೆ. 40ರಿಂದ 65ರ ಓಟದಲ್ಲಿ ಎರಡೂ ಎದುರುಬದುರಾಗುತ್ತವೆ. ಅಂತರ 20 ಅಂಕ, ಅಂದರೆ ಹತ್ತು ಕಿಲೋ. ಗೌರಿಯ ಬೆನ್ನ ಮೇಲೆ 60.5 ಕಿಲೋ ಇದ್ದರೆ ಕೆಂಪಿಯ ಮೇಲೆ 50.5 ಮಾತ್ರ. ಬುಕ್ಕಿಗಳ ಹಲಗೆಯ ಮೇಲೆ ಕೆಂಪಿ ಫೇವರಿಟ್. ಈಗ ತಾನೇ ಗೆದ್ದಿದೆ, ಭಾರವೂ ಹಗುರ, ಇನ್ನೇನು ಬೇಕು?

ಬೇಕಾದ್ದು ಇನ್ನೂ ಇದೆ. ಕೆಳಗಿನ ದರ್ಜೆಯ ಓಟಗಳಲ್ಲಿ ಮೊದಲ 600 ಮೀಟರ್ ಸಾಮಾನ್ಯವಾಗಿ ನಿಧಾನ. ಕೆಂಪಿ ಆರಾಮವಾಗಿ ಬಂದು ಕೊನೆಯಲ್ಲಿ ಜಿಗಿದಿದೆ. ಮೇಲಿನ ದರ್ಜೆಯಲ್ಲಿ ಗೇಟು ತೆರೆದ ಕ್ಷಣದಿಂದ ಓಟ ಬಿರುಸು. ಅಲ್ಲಿ ಗುಂಪಿನ ಜೊತೆ ಉಳಿಯುವುದಕ್ಕೇ ಕೆಂಪಿ ತನ್ನ ಶಕ್ತಿಯನ್ನೆಲ್ಲ ಕರಗಿಸಬೇಕಾಗುತ್ತದೆ. ಆ ಬಿರುಸನ್ನು ತಾಳಿಕೊಂಡು ಕೊನೆಯಲ್ಲೂ ಓಡುವ ಗುಣಕ್ಕೇ ದರ್ಜೆ ಎನ್ನುವುದು. ಗೌರಿ ಅಂಥ ಬಿರುಸಿಗೆ ಪಳಗಿದ ಕುದುರೆ. ಈ ಓಟ ಅದಕ್ಕೆ ಒಂದು ಮೆಟ್ಟಿಲು ಕೆಳಗೆ ಇಳಿದ ಹಾಗೆ.

ಹಾಗೆಂದು ದರ್ಜೆ ಇಳಿಸಿದ ಕುದುರೆಗಳನ್ನೆಲ್ಲ ಕಣ್ಣುಮುಚ್ಚಿ ಹಿಡಿಯಬೇಡಿ. ಯಾಕೆ ಇಳಿಯಿತು ಎಂದು ಮೊದಲು ನೋಡಿ. ಕಾಲು ನೋವಿನಿಂದ ಕೆಲವು ತಿಂಗಳು ಲಾಯದಲ್ಲೇ ಇದ್ದು ಬಂದದ್ದೋ, ವಯಸ್ಸಾಗಿ ವೇಗ ಕುಗ್ಗಿದ್ದೋ, ಅಥವಾ ತನಗೆ ಒಗ್ಗದ ದೂರದಲ್ಲಿ ಮೂರು ನಾಲ್ಕು ಸಲ ಓಡಿಸಿದ್ದರಿಂದ ರೇಟಿಂಗ್ ಕರಗಿದ್ದೋ? ಮೊದಲೆರಡು ಕಾರಣವಾದರೆ ದೂರ ಇರಿ. ಮೂರನೆಯದಾದರೆ ಮತ್ತು ಇಂದು ಅದರ ದೂರಕ್ಕೆ ಮರಳಿದ್ದರೆ, ನನ್ನ ಲೆಕ್ಕದಲ್ಲಿ ಇಡೀ ಪುಸ್ತಕದಲ್ಲಿ ಅದಕ್ಕಿಂತ ಒಳ್ಳೆಯ ಸುಳಿವು ಇನ್ನೊಂದಿಲ್ಲ.

ದರ್ಜೆ ಅಳೆಯಲು ಇನ್ನೊಂದು ದಾರಿಯಿದೆ. ಅದಕ್ಕೆ ಸ್ವಲ್ಪ ಸಹನೆ ಬೇಕು, ಹಾಗಾಗಿಯೇ ಹೆಚ್ಚಿನವರು ಅತ್ತ ಹೋಗುವುದಿಲ್ಲ. ಕುದುರೆ ಹಿಂದೆ ಓಡಿದ ಓಟದ ಫಲಿತಾಂಶ ತೆಗೆಯಿರಿ. ಅದರ ಹಿಂದೆ ಎರಡನೆಯ, ಮೂರನೆಯ, ನಾಲ್ಕನೆಯದಾಗಿ ಬಂದವು ಆಮೇಲೆ ಏನು ಮಾಡಿದವು? ಅವುಗಳಲ್ಲಿ ಎರಡು ಮುಂದಿನ ವಾರಗಳಲ್ಲಿ ಗೆದ್ದಿದ್ದರೆ ಆ ಓಟ ಗಟ್ಟಿಯಾಗಿತ್ತು. ಎಲ್ಲವೂ ಬಾಲ ಹಿಡಿದು ಬಂದಿದ್ದರೆ, ಅಲ್ಲಿನ ಮೂರು ಲೆಂತ್ ಗೆಲುವಿಗೂ ದೊಡ್ಡ ಬೆಲೆಯಿಲ್ಲ. ಪುಸ್ತಕದ ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕದೆ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಲೆಂತ್ ಲೆಕ್ಕವನ್ನೂ ದೂರಕ್ಕೆ ತಕ್ಕಂತೆ ಓದಬೇಕು. ಬ್ರಿಟನ್ನಿನ ಹ್ಯಾಂಡಿಕ್ಯಾಪರ್‌ಗಳ ರೂಢಿಯ ಪ್ರಕಾರ 1000 ಮೀಟರ್ ಆಸುಪಾಸಿನ ಓಟದಲ್ಲಿ ಒಂದು ಲೆಂತ್ ಅಂತರ ಸುಮಾರು ಮೂರು ಪೌಂಡ್ ಭಾರಕ್ಕೆ ಸಮ, ಮೈಲಿ ಓಟದಲ್ಲಿ ಸುಮಾರು ಎರಡಕ್ಕೆ. ದೂರ ಹೆಚ್ಚಿದಷ್ಟೂ ಅದು ಇನ್ನೂ ಕಡಿಮೆ. 2400 ಮೀಟರಿನಲ್ಲಿ ಐದು ಲೆಂತ್ ಸೋತ ಕುದುರೆ ಅಷ್ಟೇನೂ ಕಳಪೆಯಲ್ಲ. 1100 ಮೀಟರಿನಲ್ಲಿ ಐದು ಲೆಂತ್ ಸೋತದ್ದು ನಿಜಕ್ಕೂ ಸೋತ ಹಾಗೆ.

ಓಟ ಹ್ಯಾಂಡಿಕ್ಯಾಪೋ ಟರ್ಮ್ಸ್ ರೇಸೋ ಎಂಬುದನ್ನೂ ನೋಡಿ. ಟರ್ಮ್ಸ್ ರೇಸಿನಲ್ಲಿ ರೇಟಿಂಗ್ ನೋಡಿ ಭಾರ ಹೊರಿಸುವುದಿಲ್ಲ. ವಯಸ್ಸು, ಲಿಂಗ, ಹಿಂದಿನ ಗೆಲುವುಗಳಂಥ ನಿಬಂಧನೆಗಳ ಪ್ರಕಾರ ಭಾರ. ಡರ್ಬಿ, ಗಿನೀಸ್‌ನಂಥ ದೊಡ್ಡ ಓಟಗಳೆಲ್ಲ ಈ ಜಾತಿಯವು. ದೊಡ್ಡ ಕುದುರೆಯನ್ನು ಭಾರ ಹೊರಿಸಿ ಕಟ್ಟಿಹಾಕುವ ವ್ಯವಸ್ಥೆ ಅಲ್ಲಿಲ್ಲದ ಕಾರಣ ದರ್ಜೆಯೇ ಗೆಲ್ಲುವ ಸಂಭವ ಹೆಚ್ಚು. ಆಡ್ಸ್ ಕಡಿಮೆಯಿದ್ದರೂ ಅಂಥಲ್ಲಿ ಫೇವರಿಟ್ ವಿರುದ್ಧ ಹೋಗಲು ಬಲವಾದ ಕಾರಣ ಬೇಕು. ಆ ಕಾರಣ ಸಾಮಾನ್ಯವಾಗಿ ಒಂದೇ: ದಮ್ಮು.

ದಮ್ಮಿನ ಪರೀಕ್ಷೆ

ಇಂಡಿಯನ್ ಡರ್ಬಿಯನ್ನೇ ತೆಗೆದುಕೊಳ್ಳಿ. 1943ರಲ್ಲಿ ಶುರುವಾದ ಈ ಓಟ ಮುಂಬೈನ ಮಹಾಲಕ್ಷ್ಮಿಯಲ್ಲಿ ಫೆಬ್ರವರಿ ಹೊತ್ತಿಗೆ ನಡೆಯುತ್ತದೆ, ದೂರ 2400 ಮೀಟರ್. ಅದಕ್ಕೂ ಮೊದಲು, ಡಿಸೆಂಬರ್ ಸುಮಾರಿಗೆ, ಅದೇ ಮೈದಾನದಲ್ಲಿ 1600 ಮೀಟರಿನ ಇಂಡಿಯನ್ 2000 ಗಿನೀಸ್. ಹೆಸರಿನಲ್ಲಿರುವ 2000 ದೂರವಲ್ಲ, ಇಂಗ್ಲೆಂಡಿನ ಹಳೆಯ ಬಹುಮಾನದ ಮೊತ್ತ. ಗಿನೀಸ್ ಗೆದ್ದ ಕುದುರೆ ಡರ್ಬಿಗೆ ಬಂದಾಗ ಸಹಜವಾಗಿ ಫೇವರಿಟ್ಟುಗಳ ಸಾಲಿನಲ್ಲಿರುತ್ತದೆ. ಎರಡು ತಿಂಗಳಲ್ಲಿ ದೂರ ಎಂಟುನೂರು ಮೀಟರ್ ಹೆಚ್ಚಿದೆ. ಅಷ್ಟು ದೂರ ಅದು ಈವರೆಗೆ ಓಡಿರದೇ ಇರಬಹುದು. ಇಲ್ಲಿ ಊಹಿಸಬೇಕು, ಆದರೆ ಆಧಾರವಿಟ್ಟು ಊಹಿಸಬೇಕು.

ಮೊದಲ ಆಧಾರ ಹಿಂದಿನ ಓಟಗಳ ಕೊನೆಯ 400 ಮೀಟರ್. ಒಂದು ಎಚ್ಚರಿಕೆ. 1200 ಮೀಟರಿನಲ್ಲಿ ಹಿಂದಿನಿಂದ ನುಗ್ಗಿ ಬಂದು ಎರಡನೆಯದಾದ ಕುದುರೆಯನ್ನು ಕಂಡು ‘ಇನ್ನೂ ಇನ್ನೂರು ಮೀಟರ್ ಇದ್ದಿದ್ದರೆ ಇದೇ ಗೆಲ್ಲುತ್ತಿತ್ತು’ ಎನ್ನುವುದು ಗ್ಯಾಲರಿಯ ನಿತ್ಯದ ಮಾತು. ಅದು ಅರ್ಧ ಸತ್ಯ. ಮುಂದಿದ್ದವು ಮಿತಿಮೀರಿ ಓಡಿ ಸುಸ್ತಾದಾಗ ಹಿಂದಿನದು ಸುಮ್ಮನೆ ಅದೇ ವೇಗದಲ್ಲಿ ಬಂದರೂ ನುಗ್ಗಿ ಬಂದಂತೆ ಕಾಣುತ್ತದೆ. ಓಟದ ಆರಂಭ ನಿಧಾನವಾಗಿದ್ದು, ಮುಂದಿನವು ಇನ್ನೂ ಕಸುವಿನಲ್ಲಿದ್ದಾಗಲೂ ಅದು ಹತ್ತಿರ ಬಂದಿದ್ದರೆ ಮಾತ್ರ ದಮ್ಮಿದೆ ಎನ್ನಬಹುದು. ವೀಡಿಯೊ ಸಿಕ್ಕರೆ ಗುರಿ ದಾಟಿದ ಮೇಲಿನ ಇನ್ನೂರು ಮೀಟರನ್ನೂ ನೋಡಿ. ಜಾಕಿ ಲಗಾಮು ಎಳೆಯುತ್ತಿದ್ದರೂ ಕುದುರೆ ಮುಂದಕ್ಕೇ ಹೋಗುತ್ತಿದ್ದರೆ, ಅದರಲ್ಲಿ ಇನ್ನೂ ಇತ್ತು ಎಂದರ್ಥ.

ದೇಹದೊಳಗೆ ಆಗುವುದನ್ನು ತಿಳಿದರೆ ಇದು ಸ್ಪಷ್ಟವಾಗುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 30ರಿಂದ 40 ಸಲ ಬಡಿಯುವ ಕುದುರೆಯ ಹೃದಯ ಪೂರ್ತಿ ಓಟದಲ್ಲಿ 220 ದಾಟುತ್ತದೆ. ಗುಲ್ಮ ತಾನು ಕೂಡಿಟ್ಟ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಬಿಡುತ್ತದೆ. ನಾಗಾಲೋಟದಲ್ಲಿ ಒಂದು ಹೆಜ್ಜೆವರಸೆಗೆ ಒಂದೇ ಉಸಿರು; ಹೆಚ್ಚು ಉಸಿರು ಬೇಕೆಂದು ನಮ್ಮ ಹಾಗೆ ಬೇರೆಯಾಗಿ ಏದುಸಿರು ಬಿಡಲಾಗದು. ಮೊದಲರ್ಧದಲ್ಲೇ ಹುಚ್ಚಾಗಿ ಓಡಿದರೆ ಆಮ್ಲಜನಕ ಸಾಲದೆ ಸ್ನಾಯುಗಳು ಸೋಲುತ್ತವೆ. ಸಂಬಳ ಬಂದ ಮೊದಲ ವಾರದಲ್ಲೇ ಎಲ್ಲ ಖರ್ಚು ಮಾಡಿದವನಿಗೆ ತಿಂಗಳ ಕೊನೆ ಹೇಗೋ ಹಾಗೆ. ಅದಕ್ಕೇ ಸ್ವಭಾವವೂ ದಮ್ಮಿನ ಒಂದು ಭಾಗ. ಜಾಕಿಯ ಕೈ ಮೀರಿ ಕಡಿವಾಣ ಕಚ್ಚಿ ಎಳೆಯುವ ಕುದುರೆಗೆ ವಂಶದಲ್ಲಿ ಎಷ್ಟೇ ದಮ್ಮಿದ್ದರೂ 2000 ಮೀಟರ್ ಕಷ್ಟ. ಶಾಂತವಾಗಿ ಹಿಂದೆ ಕೂತು ಬರುವ ಕುದುರೆ, ವಂಶ ಸಾಧಾರಣವಾಗಿದ್ದರೂ, ನಿರೀಕ್ಷೆಗಿಂತ ಇನ್ನೂರು ಮೀಟರ್ ಹೆಚ್ಚು ಓಡುತ್ತದೆ.

ಇನ್ನು ವಂಶಾವಳಿ. ರೇಸ್ ಪುಸ್ತಕದಲ್ಲಿ ಪ್ರತಿ ಕುದುರೆಯ ಅಪ್ಪ ಅಮ್ಮನ ಹೆಸರಿರುತ್ತದೆ. ಅಪ್ಪ ಯಾವ ದೂರದಲ್ಲಿ ಗೆದ್ದಿತ್ತು, ಅದರ ಇತರ ಮರಿಗಳು ಯಾವ ದೂರದಲ್ಲಿ ಗೆಲ್ಲುತ್ತಿವೆ ಎಂದು ಹುಡುಕಿ. ಅಮ್ಮನ ಕಡೆಯನ್ನು ಬಿಡಬೇಡಿ. ಬೆಂಗಳೂರಿನ ಅನೇಕ ಪಂಟರ್‌ಗಳು ಕುಣಿಗಲ್ ಸ್ಟಡ್ಡಿನ ಗಂಡುಕುದುರೆಗಳ ಹೆಸರನ್ನು ನೆಂಟರ ಹೆಸರಿನಂತೆ ಹೇಳಬಲ್ಲರು, ಆದರೆ ತಾಯಿಯ ಕಡೆಯ ಅಜ್ಜ ಯಾರು ಎಂದರೆ ಸುಮ್ಮನಾಗುತ್ತಾರೆ.

ಅಮೆರಿಕದ ಸೆಕ್ರೆಟೇರಿಯಟ್ ಎಂಬ ಕುದುರೆಯ ಕತೆ ಇದಕ್ಕೆ ಸಾಕ್ಷಿ. ಅದರ ಅಪ್ಪ ಬೋಲ್ಡ್ ರೂಲರ್ ವೇಗಕ್ಕೆ ಹೆಸರಾದದ್ದು. ಸ್ವತಃ ಒಂದೂವರೆ ಮೈಲಿಯ ಬೆಲ್ಮಾಂಟ್ ಸ್ಟೇಕ್ಸ್‌ನಲ್ಲಿ 1957ರಲ್ಲಿ ಮೂರನೆಯದಾಗಿತ್ತು. ಹಾಗಾಗಿ ಮಗ ದೂರದ ಓಟ ಓಡೀತೇ ಎಂಬ ಅನುಮಾನ ಹಲವರಿಗಿತ್ತು. ಆದರೆ ತಾಯಿ ಸಮ್‌ಥಿಂಗ್‌ರಾಯಲ್ ದಮ್ಮಿಗೆ ಹೆಸರಾದ ಪ್ರಿನ್ಸ್‌ಕ್ವಿಲೋನ ಮಗಳು. 1973ರ ಕೆಂಟಕಿ ಡರ್ಬಿಯಲ್ಲಿ ಸೆಕ್ರೆಟೇರಿಯಟ್ ಪ್ರತಿ ಕಾಲು ಮೈಲಿಯನ್ನೂ ಹಿಂದಿನ ಕಾಲು ಮೈಲಿಗಿಂತ ವೇಗವಾಗಿ ಓಡಿತು. ಅದೇ ವರ್ಷದ ಬೆಲ್ಮಾಂಟಿನಲ್ಲಿ ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿ 31 ಲೆಂತ್‌ನಿಂದ ಗೆದ್ದಿತು. ಅಪ್ಪನ ಹೆಸರು ಮಾತ್ರ ಓದಿದವರು ಅಂದು ತಪ್ಪಿದರು.

ವಂಶವನ್ನು ಅಂಕಿಗೆ ಇಳಿಸುವ ಪ್ರಯತ್ನಗಳೂ ಆಗಿವೆ. ಅಮೆರಿಕದಲ್ಲಿ ಪ್ರಸಿದ್ಧವಾದ ಡೋಸೇಜ್ ಸೂಚ್ಯಂಕ ಪೂರ್ವಿಕರ ವೇಗ ಮತ್ತು ದಮ್ಮನ್ನು ತೂಗಿ ಒಂದು ಸಂಖ್ಯೆ ಕೊಡುತ್ತದೆ. 4 ಮೀರಿದರೆ ಕೆಂಟಕಿ ಡರ್ಬಿ ಗೆಲ್ಲುವುದು ಕಷ್ಟ ಎಂದು ನಂಬಿಕೆಯಿತ್ತು. 1991ರಲ್ಲಿ 9 ಸೂಚ್ಯಂಕದ ಸ್ಟ್ರೈಕ್ ದಿ ಗೋಲ್ಡ್ ಅದನ್ನು ಗೆದ್ದು ನಂಬಿಕೆಯನ್ನು ಕೆಡಿಸಿತು. 2010ರಲ್ಲಿ ಡಬ್ಲಿನ್‌ನ ಎಮೆಲಿನ್ ಹಿಲ್ ಮತ್ತು ಸಂಗಡಿಗರು ಮಯೊಸ್ಟಾಟಿನ್ ಎಂಬ ವಂಶವಾಹಿಯ ರೂಪಕ್ಕೂ ಕುದುರೆಗೆ ಒಗ್ಗುವ ದೂರಕ್ಕೂ ಇರುವ ನಂಟನ್ನು ತೋರಿಸಿದರು. ತನ್ನ ಕುದುರೆಯಲ್ಲಿ ಆ ವಂಶವಾಹಿಯ ಯಾವ ರೂಪವಿದೆ ಎಂಬುದು ಮಾಲೀಕನಿಗೆ ಗೊತ್ತಿರಬಹುದು, ನಮಗೆ ರೇಸ್ ಪುಸ್ತಕದಲ್ಲಿ ಸಿಗುವುದಿಲ್ಲ.

ದರ್ಜೆ ಮತ್ತು ದಮ್ಮು ಒಂದನ್ನೊಂದು ಎಷ್ಟು ದೂರ ಹೊರುತ್ತವೆ? ಒಂದಷ್ಟು ದೂರ ಹೊರುತ್ತವೆ. ಹದಿನಾಲ್ಕು ಓಟಗಳಲ್ಲಿ ಸೋಲನ್ನೇ ಕಾಣದ ಫ್ರಾಂಕೆಲ್ ಮೈಲಿ ಓಟಗಳ ರಾಜ. 2012ರಲ್ಲಿ ಯಾರ್ಕ್‌ನಲ್ಲಿ ಸುಮಾರು 2090 ಮೀಟರಿಗೆ ಏರಿಸಿದಾಗಲೂ ಸುಲಭವಾಗಿ ಗೆದ್ದಿತು. ಆದರೆ 2400ಕ್ಕೆ ಅದನ್ನು ಒಯ್ಯಲೇ ಇಲ್ಲ. ಆಸ್ಟ್ರೇಲಿಯಾದ ಬ್ಲ್ಯಾಕ್ ಕೇವಿಯರ್ 25ಕ್ಕೆ 25 ಗೆದ್ದಿತು, 1400 ಮೀಟರ್ ಮೀರಿ ಒಮ್ಮೆಯೂ ಓಡದೆ. ಇನ್ನೊಂದು ತುದಿಯಲ್ಲಿ ಯೇಟ್ಸ್ ಇದೆ: ಸುಮಾರು ನಾಲ್ಕು ಸಾವಿರ ಮೀಟರಿನ ಆಸ್ಕಟ್ ಗೋಲ್ಡ್ ಕಪ್ಪನ್ನು 2006ರಿಂದ 2009ರವರೆಗೆ ಸತತ ನಾಲ್ಕು ವರ್ಷ ಗೆದ್ದ ಕುದುರೆ. ಲೋಕದ ಶ್ರೇಷ್ಠ ಕುದುರೆಗಳ ತರಬೇತುದಾರರೇ ದೂರದ ವಿಷಯದಲ್ಲಿ ಇಷ್ಟು ಎಚ್ಚರವಿರುವಾಗ, 30 ರೇಟಿಂಗಿನ ಕುದುರೆಯನ್ನು 1200ರಿಂದ 1800ಕ್ಕೆ ಏರಿಸಿದ್ದನ್ನು ಕಂಡರೆ ನಾವು ಎರಡು ಸಲ ಯೋಚಿಸಬೇಕು. ಕುದುರೆಗೆ 200 ಮೀಟರ್ ಏರಿಕೆ ಸಹಜ, 400 ಅನುಮಾನ, 600 ಎಂದರೆ ನನ್ನ ಹಣ ಜೇಬಿನಲ್ಲೇ.

ಮಳೆ, ಮೈದಾನ, ಪ್ಯಾಡಕ್

ಬೆಂಗಳೂರಿನ ಬೇಸಿಗೆ ಸೀಸನ್ ಹೆಸರಿಗೆ ಬೇಸಿಗೆ, ಮುಗಿಯುವುದು ಮಳೆಯಲ್ಲಿ. ಮಳೆ ಬಿದ್ದು ಹುಲ್ಲಿನ ನೆಲ ಮೆತ್ತಗಾದರೆ 1400 ಮೀಟರ್ ಓಟ 1600 ಮೀಟರಿನಷ್ಟು ದಮ್ಮು ಕೇಳುತ್ತದೆ, ಭಾರ ಹೊತ್ತ ಕುದುರೆ ಇನ್ನಷ್ಟು ಒದ್ದಾಡುತ್ತದೆ. ನೆಲದ ಮೆದುತನ ಅಳೆಯುವ ಪೆನೆಟ್ರೋಮೀಟರ್ ಅಳತೆಯನ್ನು ಕ್ಲಬ್ಬು ಪ್ರಕಟಿಸುತ್ತದೆ. ಅಂಕಿ ದೊಡ್ಡದಾದಷ್ಟೂ ನೆಲ ಮೆದು. ಬೇಲಿಯನ್ನು ಒಳಗಿನಿಂದ ಹೊರಗೆ ಎಷ್ಟು ಮೀಟರ್ ಸರಿಸಿದ್ದಾರೆ ಎಂಬುದೂ ಅಲ್ಲೇ ಇರುತ್ತದೆ. ಗಟ್ಟಿ ನೆಲದಲ್ಲಿ ಗೆದ್ದ ಓಟದ ಸಮಯವನ್ನು ಮೆದು ನೆಲದ ಓಟದ ಸಮಯಕ್ಕೆ ಹೋಲಿಸುವವರು ಗಡಿಯಾರಕ್ಕೆ ಅನ್ಯಾಯ ಮಾಡುತ್ತಾರೆ.

ಪತ್ರಿಕೆಗಳಲ್ಲಿ ಬರುವ ಬೆಳಗಿನ ಟ್ರ್ಯಾಕ್ ವರ್ಕ್ ವಿವರ, ಅಂದರೆ 1200 ಮೀಟರನ್ನು 1-20ರಲ್ಲಿ (1 ನಿಮಿಷ 20 ಸೆಕೆಂಡು), ಕೊನೆಯ 600 ಅನ್ನು 40 ಸೆಕೆಂಡಿನಲ್ಲಿ ಓಡಿತು ಎಂಬಂಥ ಸಾಲುಗಳು, ಕುದುರೆ ಆರೋಗ್ಯವಾಗಿದೆ ಎಂಬುದಕ್ಕೆ ಮಾತ್ರ ಪುರಾವೆ. ಮೇಲೆ ಕೂತಿದ್ದು 50 ಕಿಲೋ ಜಾಕಿಯೋ 65 ಕಿಲೋ ರೈಡರೋ ಅಲ್ಲಿ ಬರೆದಿರುವುದಿಲ್ಲ. ಓಟಕ್ಕೆ ಮುನ್ನ ಕುದುರೆಗಳನ್ನು ಸುತ್ತಾಡಿಸುವ ಪ್ಯಾಡಕ್‌ನಲ್ಲಿ ಕುದುರೆಯ ಕಣ್ಣು ನೋಡಿಯೇ ಫಲಿತಾಂಶ ಹೇಳುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಆದರೂ ಅಲ್ಲಿ ಎರಡು ನಿಮಿಷ ನಿಲ್ಲಿ. ತೊಡೆಸಂದಿನಲ್ಲಿ ಬೆವರು ನೊರೆಯಾಗಿದ್ದರೆ, ಕುದುರೆ ಕುಣಿಯುತ್ತ ಲಾಯದ ಹುಡುಗನನ್ನು ಎಳೆದಾಡುತ್ತಿದ್ದರೆ, ಅದು ಓಟಕ್ಕೆ ಮೊದಲೇ ಅರ್ಧ ಓಟ ಓಡಿದೆ. ಹಿಂಭಾಗ ದಪ್ಪಗೆ ಮಾಂಸ ತುಂಬಿದ ಗಿಡ್ಡ ಕುದುರೆ ಸಾಮಾನ್ಯವಾಗಿ ವೇಗದ್ದು, ಉದ್ದನೆಯ ತೆಳು ಮೈಯದು ದೂರದ್ದು. ಇದಕ್ಕೆ ಅಪವಾದಗಳು ಬೇಕಾದಷ್ಟಿವೆ.

ಬೆಟ್ಟಿನ ಗಣಿತ

ಇಷ್ಟೆಲ್ಲ ಓದಿದ ಮೇಲೂ ಒಂದು ಲೆಕ್ಕ ಉಳಿಯುತ್ತದೆ. ಬುಕ್ಕಿ 3ಕ್ಕೆ 1 ಆಡ್ಸ್ ಕೊಟ್ಟರೆ, ನಾಲ್ಕರಲ್ಲಿ ಒಂದು ಸಲಕ್ಕಿಂತ ಹೆಚ್ಚು ಗೆಲ್ಲುವ ಕುದುರೆಯಾದರೆ ಮಾತ್ರ ಅದರ ಮೇಲೆ ಕಟ್ಟುವುದರಲ್ಲಿ ಅರ್ಥವಿದೆ. ಈಗ ಅದಕ್ಕೆ ತೆರಿಗೆ ಸೇರಿಸಿ. ಬೆಟ್ಟಿನ ಪೂರ್ತಿ ಮುಖಬೆಲೆಯ ಮೇಲೆ 28% ಇದ್ದ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ 40% ಆಗಿದೆ. 100 ರೂಪಾಯಿ ಬೆಟ್ಟಿಗೆ 40 ರೂಪಾಯಿ ತೆರಿಗೆ ಕೂಡಿಸಿದರೆ ಜೇಬಿನಿಂದ ಹೋಗುವುದು 140. ಗೆದ್ದರೆ 300 ಲಾಭ, 100 ಬೆಟ್ ಸೇರಿ ಕೈಗೆ ಬರುವುದು 400. ಅಂದರೆ ಬಂಡವಾಳ ವಾಪಸಾಗಲಿಕ್ಕೇ ಆ ಕುದುರೆ ನೂರಕ್ಕೆ 25 ಸಲ ಅಲ್ಲ, 35 ಸಲ ಗೆಲ್ಲಬೇಕು. ಒಂದು ದಿನದ ಕಾರ್ಡಿನಲ್ಲಿ ಅಷ್ಟು ದೊಡ್ಡ ಅಂತರ ಕಾಣುವ ಓಟ ಒಂದು ಸಿಕ್ಕರೆ ಹೆಚ್ಚು. ಎಷ್ಟೋ ದಿನ ಒಂದೂ ಇರುವುದಿಲ್ಲ. ದರ್ಜೆ, ದಮ್ಮು ಎರಡನ್ನೂ ಸರಿಯಾಗಿ ಅಳೆದವನಿಗೆ ಸಿಗುವ ಉತ್ತರ ಬಹುಪಾಲು ‘ಈ ಓಟ ಬಿಡು’ ಎಂಬುದೇ.

ಇದರ ಮೇಲೆ ಆದಾಯ ತೆರಿಗೆ. ಒಂದೇ ವಹಿವಾಟಿನಲ್ಲಿ ಗೆದ್ದ ಹಣ 10,000 ರೂಪಾಯಿ ಮೀರಿದರೆ 30% ಮೂಲದಲ್ಲೇ ಕಡಿತವಾಗುತ್ತದೆ. ಸೋತ ಬೆಟ್ಟುಗಳ ಹಣವನ್ನು ಗೆದ್ದ ಹಣದಲ್ಲಿ ಕಳೆದು ತೋರಿಸಲು ಅವಕಾಶವಿಲ್ಲ. ಕ್ಲಬ್ಬಿನ ಟೋಟ್ ಅಥವಾ ಪರವಾನಗಿ ಇರುವ ಬುಕ್ಕಿಯ ಬಳಿ ಮಾತ್ರ ಆಡಿ, ಟಿಕೆಟ್ ಇಟ್ಟುಕೊಳ್ಳಿ. ಫೋನಿನಲ್ಲಿ ಬೆಟ್ ಬರೆದುಕೊಳ್ಳುತ್ತೇನೆ ಎನ್ನುವವನಿಗೆ ಗೆದ್ದ ಹಣ ಕೊಡುವ ಕಟ್ಟುಪಾಡು ಯಾವುದೂ ಇಲ್ಲ.

ಮೈದಾನಕ್ಕೆ ಹೋಗುವ ಮುನ್ನ ಸೋತರೂ ಸರಿ ಎನ್ನುವಷ್ಟು ಹಣವನ್ನು ಬೇರೆ ಲಕೋಟೆಯಲ್ಲಿ ಹಾಕಿಕೊಳ್ಳಿ, ಎಟಿಎಂ ಕಾರ್ಡ್ ಮನೆಯಲ್ಲಿಡಿ. ಸೋತದ್ದನ್ನು ವಾಪಸು ಪಡೆಯಲೆಂದೇ ಮುಂದಿನ ಓಟಕ್ಕೆ ಕೈ ಹಾಕುವ ಅಭ್ಯಾಸ ಶುರುವಾಗಿದ್ದರೆ, ಸಾಲ ಮಾಡಿ ಆಡುವ ಹಂತ ಬಂದಿದ್ದರೆ, ರೇಸ್ ಪುಸ್ತಕ ಪಕ್ಕಕ್ಕಿಟ್ಟು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.